ಬೇಸಿಗೆಯ ಬಿಸಿಯೂಟ ಊರಲ್ಲಿರುವ ಮಗುವಿಗೆ ಸಿಗಲಿ

ಮಾನ್ಯ ಸಂಪಾದಕರೇ,

2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನೀಡಲಾಯಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿಯೇ ಆದೇಶಿಸಿದ್ದುದರಿಂದ ಈ ವ್ಯವಸ್ಥೆಯ ಅಗತ್ಯದ ಬಗ್ಗೆ ಚರ್ಚೆಗೆ ಅವಕಾಶವಿಲ್ಲ. ಊಟ ಯಾರ ಲೆಕ್ಕದಲ್ಲಿ ಬರುತ್ತದೆ, ಯಾರಿಗೆ ತಲುಪುತ್ತದೆ ಎಂಬ ಬಗ್ಗೆ ಮಾತ್ರ ಬರೆಯಬೇಕೆನಿಸಿದೆ.

ಮುಂಡರಗಿ, ಶಿರಹಟ್ಟಿ ಸೀಮೆಯ ಹಳ್ಳಿಗಳಿಂದ ಗೋವಾ, ಮಂಗಳೂರು ಕಡೆಗೆ ದುಡಿಯಲು ಹೋಗುವ ಕುಟುಂಬಗಳು ಅನೇಕ. ಸುಗ್ಗಿ ಮುಗಿದ ಮೇಲೆ ಕೆಲವರು ಇಲ್ಲಿನ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಗುಳೆ ಹೋದರೆ, ಅಲ್ಲಿಯೇ ನೆಲೆಸಿದವರು ಅಲ್ಲಿ ಓದುವ ಮಕ್ಕಳನ್ನು ರಜೆ ಬಿದ್ದ ಕೂಡಲೇ ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಹೀಗಾಗಿ ಮೇ ತಿಂಗಳಲ್ಲಿ ಹಾಜರಿಯಲ್ಲಿ ಹೆಸರಿರುವ ಮಗು ಊರಲ್ಲಿರುವುದಿಲ್ಲ, ಊರಲ್ಲಿರುವ ಮಗುವಿನ ಹೆಸರು ಹಾಜರಿಯಲ್ಲಿರುವುದಿಲ್ಲ.

ಆ ಬೇಸಿಗೆಯಲ್ಲಿ ಒಂದು ಶಾಲೆಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಅಕ್ಕನ ಕೈ ಹಿಡಿದುಕೊಂಡು, ಮನೆಯಿಂದ ತಂದ ತಾಟಿನೊಂದಿಗೆ ಸಾಲಿನಲ್ಲಿ ಬಂದು ಕುಳಿತ. ಇವನ ಹೆಸರು ನಮ್ಮಲ್ಲಿಲ್ಲ ಎಂದು ಶಿಕ್ಷಕರು ಹೇಳಿದಾಗ ಬಡಿಸುತ್ತಿದ್ದ ತಾಯಿ ಸೌಟು ಹಿಡಿದುಕೊಂಡೇ ನಿಂತರು. ಆ ಹುಡುಗಿ ಏನೂ ಮಾತಾಡದೆ ತನ್ನ ಅನ್ನ–ಸಾರಿನಲ್ಲಿ ಅರ್ಧವನ್ನು ಅವನ ತಾಟಿಗೆ ಸರಿಸಿದಳು. ಇದರಲ್ಲಿ ಶಿಕ್ಷಕರದು ತಪ್ಪೆಂದು ನಾನು ಹೇಳಲಾರೆ. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯದ ಲೆಕ್ಕ ಹಾಜರಿಗೆ ತಾಳೆಯಾಗದಿದ್ದರೆ ನಾಳೆ ಉತ್ತರ ಕೊಡಬೇಕಾದವರು ಅವರೇ.

ಆದ್ದರಿಂದ ಬೇಸಿಗೆಗೆ ಬೇರೆಯದೇ ಹಾಜರಿ ವಹಿ ಬೇಕು. ಮಾರ್ಚ್ ಕೊನೆಯ ವಾರದಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ಪಟ್ಟಿ ಮಾಡಿ, ರಜೆಯಲ್ಲಿ ಬರುವ ಮಕ್ಕಳನ್ನು ಬಂದ ದಿನವೇ ಸೇರಿಸಿಕೊಳ್ಳುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡಬೇಕು. ದೊಡ್ಡ ಅಡುಗೆಮನೆಯಿಂದ ಊಟ ತರಿಸಿಕೊಳ್ಳುವ ಹುಬ್ಬಳ್ಳಿ–ಧಾರವಾಡದಂಥ ನಗರಗಳಲ್ಲಿ ಸಂಖ್ಯೆಯನ್ನು ಮೊದಲೇ ತಿಳಿಸಬೇಕಾದ ತೊಡಕಿರಬಹುದು. ಶಾಲೆಯಲ್ಲಿಯೇ ಒಲೆ ಉರಿಯುವ ಹಳ್ಳಿಗಳಲ್ಲಿ ಅದೂ ಇಲ್ಲ.

ಅಡುಗೆಯವರ ವಿಚಾರವನ್ನೂ ಸೇರಿಸಲೇಬೇಕು. ವರ್ಷಕ್ಕೆ ಹತ್ತು ತಿಂಗಳ ಗೌರವಧನ ಪಡೆಯುವ ಈ ತಾಯಂದಿರು ರಜೆಯಲ್ಲಿ ದುಡಿದ ದಿನಗಳಿಗೆ ಹಣ ಯಾವಾಗ ಬರುತ್ತದೆ ಎಂಬುದನ್ನು ಆದೇಶದಲ್ಲಿಯೇ ನಮೂದಿಸಬೇಕು. ಊಟದ ಹೊತ್ತನ್ನು ಹನ್ನೊಂದು ಗಂಟೆಯೊಳಗೆ ಇಟ್ಟರೆ ಮಕ್ಕಳು ಸುಡುಬಿಸಿಲಿನಲ್ಲಿ ಬರಿಗಾಲಲ್ಲಿ ಮನೆಗೆ ನಡೆಯುವುದು ತಪ್ಪುತ್ತದೆ.

ಮಳೆ ಚೆನ್ನಾಗಿ ಆದ ವರ್ಷವೂ ನಮ್ಮ ಕಡೆ ಗುಳೆ ನಿಲ್ಲುವುದಿಲ್ಲ. ತಾಲ್ಲೂಕು ಬರಪೀಡಿತ ಪಟ್ಟಿಗೆ ಸೇರುವವರೆಗೆ ಕಾಯದೆ, ಗುಳೆ ಹೆಚ್ಚಿರುವ ಹಳ್ಳಿಗಳಲ್ಲಾದರೂ ರಾಜ್ಯ ಸರ್ಕಾರವು ಪ್ರತಿ ಬೇಸಿಗೆಯಲ್ಲಿ ಈ ಊಟವನ್ನು ನಡೆಸಬೇಕು. ಅದರ ಆದೇಶ ಏಪ್ರಿಲ್‌ ರಜೆ ಆರಂಭವಾಗುವ ಮೊದಲೇ ಶಾಲೆಗಳ ಕೈಸೇರಬೇಕು.

– ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮಾಜಿ ಸದಸ್ಯ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ