ಸೀಟಿನ ಲೆಕ್ಕ ಸಿಗುತ್ತದೆ, ಆಪರೇಷನ್ ಥಿಯೇಟರಿನ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ದಂತವೈದ್ಯರ ಸ್ನಾತಕೋತ್ತರ ಪ್ರವೇಶದ ನೀಟ್-ಎಂ.ಡಿ.ಎಸ್. ಕೌನ್ಸೆಲಿಂಗ್ ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡೇ ಸುದ್ದಿ: ಎಷ್ಟು ಸೀಟು, ಎಷ್ಟು ಶುಲ್ಕ. ಮಗನಿಗೋ ಮಗಳಿಗೋ ಓರಲ್ ಸರ್ಜರಿ (ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆ) ಸೀಟು ಹಿಡಿಯಲು ಹಣ ಹೊಂದಿಸುತ್ತಿರುವ ತಂದೆತಾಯಿ ನನ್ನಂಥವರಿಗೆ ಫೋನ್ ಮಾಡಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ. ಕಾಲೇಜಿಗೆ ಹೆಸರಿದೆಯಾ, ಹಾಸ್ಟೆಲ್ ಹೇಗಿದೆ, ಗೈಡ್ ಸಿಡುಕರಾ? ಅಲ್ಲಿ ವರ್ಷಕ್ಕೆ ಎಷ್ಟು ಮುರಿದ ದವಡೆ ಕೂಡಿಸುತ್ತಾರೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೂ ಉತ್ತರ ಹುಡುಕಲು ಒಂದು ಜಾಗವಿಲ್ಲ. ಅದಕ್ಕಾಗಿ ಈ ಪತ್ರ.

ಬಿ.ಡಿ.ಎಸ್. ಐದು ವರ್ಷ, ಅದರ ಮೇಲೆ ಎಂ.ಡಿ.ಎಸ್. ಮೂರು ವರ್ಷ. ಇಷ್ಟು ಓದಿ ಹೊರಬಂದವರನ್ನು ಊರಿನವರು 'ಹಲ್ಲು ಡಾಕ್ಟ್ರು' ಎಂದೇ ಕರೆಯುತ್ತಾರೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಆದರೆ ಈ ವಿಭಾಗದ ಕೆಲಸ ಹಲ್ಲಿಗೆ ಮುಗಿಯುವುದಿಲ್ಲ. ಅಪಘಾತದಲ್ಲಿ ಒಡೆದ ಮುಖದ ಮೂಳೆ, ಸೀಳುತುಟಿ, ತೆರೆಯದ ಬಾಯಿ, ದವಡೆಯ ಗೆಡ್ಡೆ, ಗುಟ್ಕಾ ತಿಂದು ಬಿಗಿದ ಕೆನ್ನೆ, ಅದರೊಳಗೇ ಹುಟ್ಟುವ ಕ್ಯಾನ್ಸರ್, ಎಲ್ಲವೂ ಇದರ ಪಾಲಿಗೇ ಬರುತ್ತವೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ಕೊನೆಯ ಎರಡಕ್ಕೆ ರೋಗಿಗಳ ಕೊರತೆಯಂತೂ ಇಲ್ಲ.

ಬೈಕಿನಿಂದ ಬಿದ್ದು ಗದ್ದ ನೆಲಕ್ಕೆ ಬಡಿದವರನ್ನೇ ನೋಡಿ. ಗದ್ದದ ಗಾಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೊಲಿಗೆಯೂ ಆಗುತ್ತದೆ. ಆ ಪೆಟ್ಟು ಮೂಳೆಯುದ್ದಕ್ಕೂ ಸಾಗಿ, ಕಿವಿಯ ಮುಂದಿನ ಕೀಲಿನ ಹತ್ತಿರ ದವಡೆಯ ಕತ್ತನ್ನು ಎರಡೂ ಕಡೆ ಮುರಿದಿರಬಹುದು. ಅದು ತಿಳಿಯುವುದು ಅಲ್ಲಿ ಬೆರಳಿಟ್ಟು, ಹಲ್ಲು ಕಚ್ಚಿಸಿ ನೋಡಿದವರಿಗೆ ಮಾತ್ರ. ಚಿಕ್ಕ ಮಗುವಿನಲ್ಲಿ ಇದನ್ನು ಗಮನಿಸದೆ ಬಿಟ್ಟರೆ ಕೀಲು ತಲೆಬುರುಡೆಗೆ ಬೆಸೆದುಕೊಂಡು ಬಾಯಿ ತೆರೆಯದಂತಾಗಬಹುದು. ಗದ್ದದ ಬೆಳವಣಿಗೆಯೂ ಕುಂಠಿತವಾಗುತ್ತದೆ. ಇನ್ನು ಆಪರೇಷನ್. ಉಸಿರಿನ ನಳಿಕೆಯನ್ನು ಸಾಮಾನ್ಯವಾಗಿ ಮೂಗಿನಿಂದಲೇ ಇಳಿಸಬೇಕು, ಯಾಕೆಂದರೆ ಮೇಲಿನ ಕೆಳಗಿನ ಹಲ್ಲುಗಳನ್ನು ಮೊದಲಿನಂತೆ ಕಚ್ಚಿಸಿ ತಂತಿ ಬಿಗಿದ ಮೇಲೆ ಟೈಟಾನಿಯಂ ಪ್ಲೇಟ್ ಕೂರಿಸಬೇಕು. ಎಕ್ಸ್‌ರೇಯಲ್ಲಿ ಮೂಳೆ ಎಷ್ಟೇ ಚೆಂದ ಕಂಡರೂ ಹಲ್ಲು ಹಲ್ಲಿಗೆ ಕೂರದಿದ್ದರೆ ರೋಗಿಗೆ ಜೋಳದ ರೊಟ್ಟಿ ಅಗಿಯಲಾಗದು. ಕೀಲಿನ ಭಾಗ ತೆರೆಯುವುದಾದರೆ ಮುಖದ ನರ ಅಲ್ಲೇ ಪಕ್ಕದಲ್ಲಿದೆ. ಅದಕ್ಕೆ ಏಟಾದರೆ ಆ ಕಡೆಯ ಹಣೆ ಸುಕ್ಕುಗಟ್ಟುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ.

ಇದನ್ನು ಪುಸ್ತಕ ಓದಿ ಕಲಿಯಲಾಗದು. ಪಕ್ಕದಲ್ಲಿ ಗಾಯದ ಅಂಚು ಸರಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ನಿಂತರೂ ಸಾಲದು, ಅದು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಸೈಕಲ್ ಕಲಿತ ಹಾಗೆ. ಸೀನಿಯರ್ ಎದುರಿಗೆ ನಿಂತಿರಬೇಕು, ಡ್ರಿಲ್ ಪಿ.ಜಿ.ಯ (ಸ್ನಾತಕೋತ್ತರ ವಿದ್ಯಾರ್ಥಿಯ) ಕೈಯಲ್ಲಿರಬೇಕು.

ಇರುತ್ತದೆಯೇ? ಕೆಲವು ಕಡೆ ಖಂಡಿತ ಇರುತ್ತದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲೇ ಇದೆ. ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜು ಸೀಳುತುಟಿ, ಸೀಳಂಗುಳಿನ ಶಸ್ತ್ರಚಿಕಿತ್ಸೆಗೆ ಮೊದಲಿನಿಂದ ಹೆಸರುವಾಸಿ. ಮೆಡಿಕಲ್ ಕಾಲೇಜಿನೊಂದಿಗೆ ಒಂದೇ ಆವರಣದಲ್ಲಿದ್ದು, ನಡುರಾತ್ರಿಯ ಕರೆಗೂ ಪಿ.ಜಿ.ಗಳನ್ನು ಕಳಿಸುವ ವಿಭಾಗಗಳು ಕರಾವಳಿಯಲ್ಲಿಯೂ ಇವೆ, ಮೈಸೂರು, ಬೆಳಗಾವಿ ಕಡೆಯೂ ಇವೆ. ಅಲ್ಲಿಂದ ಬಂದ ಹುಡುಗ ಹುಡುಗಿಯರೊಂದಿಗೆ ನಾನು ಕೆಲಸ ಮಾಡಿದ್ದೇನೆ, ಅವರ ಕೈ ನೋಡಿದರೆ ಗೊತ್ತಾಗುತ್ತದೆ.

ಉಳಿದ ಕಡೆಯ ಕಥೆ ಬೇರೆ. ರಾಜ್ಯದ ಎಷ್ಟೋ ದಂತ ಕಾಲೇಜುಗಳು ತಮ್ಮದೇ ಕಟ್ಟಡದಲ್ಲಿ, ಹಲ್ಲಿನ ಚಿಕಿತ್ಸೆಯ ತಮ್ಮದೇ ಕುರ್ಚಿಗಳ ಸುತ್ತ ಬೆಳೆದವು. ಒ.ಪಿ.ಡಿ. (ಹೊರರೋಗಿ ವಿಭಾಗ) ಬೆಳಿಗ್ಗೆ ತೆರೆದು ಸಂಜೆಗೆ ಮುಚ್ಚುತ್ತದೆ. ಮುರಿದ ಮುಖ ಬರುವುದು ಆಂಬುಲೆನ್ಸಿನಲ್ಲಿ, ಹೆಚ್ಚಾಗಿ ರಾತ್ರಿ. ಅದು ಹೋಗುವುದು ಸಿ.ಟಿ. ಸ್ಕ್ಯಾನ್ ಮತ್ತು ಅರಿವಳಿಕೆ ವೈದ್ಯರು ಇರುವ ಕಡೆಗೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಅಡಿ ಈ ಶಸ್ತ್ರಚಿಕಿತ್ಸೆಗಳಿಗೂ ಪ್ಯಾಕೇಜ್ ಇದೆ. ಬಡವರು ಕಾರ್ಡು ನಡೆಯುವ ಆಸ್ಪತ್ರೆ ಹುಡುಕಿಕೊಂಡು ಹೋಗುತ್ತಾರೆಯೇ ಹೊರತು ಪ್ಲೇಟಿನ ದುಡ್ಡು ತಾವೇ ಕಟ್ಟಬೇಕಾದ ಕಾಲೇಜಿಗಲ್ಲ. 'ಆಸ್ಪತ್ರೆಯೊಂದಿಗೆ ಒಪ್ಪಂದವಿದೆ' ಎಂದು ಕಾಲೇಜಿನವರು ಕಾಗದ ತೋರಿಸಬಹುದು. ಆ ಆಸ್ಪತ್ರೆಯಲ್ಲಿ ಮುಖದ ಕೇಸನ್ನು ಇ.ಎನ್.ಟಿ.ಯವರೋ (ಕಿವಿ-ಮೂಗು-ಗಂಟಲು ವೈದ್ಯರೋ) ಪ್ಲಾಸ್ಟಿಕ್ ಸರ್ಜನ್ನರೋ ನೋಡಿಕೊಂಡರೆ ನಮ್ಮ ಪಿ.ಜಿ.ಗೆ ಫೋನೇ ಬರುವುದಿಲ್ಲ. ಮೂರು ವರ್ಷವೂ ಬುದ್ಧಿಹಲ್ಲು ತೆಗೆಯುವುದರಲ್ಲೇ ಕಳೆದುಹೋಗುತ್ತದೆ. ಬುದ್ಧಿಹಲ್ಲು ಸುಲಭವೆಂದು ನಾನು ಹೇಳುತ್ತಿಲ್ಲ, ಕೆಳದವಡೆಯ ನರಕ್ಕೆ ಅಂಟಿ ಮಲಗಿದ ಹಲ್ಲು ಅನುಭವಿಗಳನ್ನೂ ಬೆವರಿಳಿಸುತ್ತದೆ. ಆದರೆ ಅದೊಂದನ್ನೇ ಕಲಿತವರು ಜಿಲ್ಲಾ ಕೇಂದ್ರದಲ್ಲಿ 'ಮುಖದ ಶಸ್ತ್ರಚಿಕಿತ್ಸಾ ತಜ್ಞ' ಎಂದು ಬೋರ್ಡ್ ಹಾಕುವಾಗ ಏನೆಂದುಕೊಂಡು ಹಾಕಬೇಕು?

2020-21ರಲ್ಲಿ ಈ ಅಂತರ ಎದ್ದು ಕಂಡಿತು. ಕೋವಿಡ್ ಭಯಕ್ಕೆ ದಂತ ಚಿಕಿತ್ಸೆ ತುರ್ತಿಗಷ್ಟೇ ಸೀಮಿತವಾದಾಗ ಕುರ್ಚಿ ನಂಬಿದ ವಿಭಾಗಗಳು ಖಾಲಿ ಕೂತವು. ಮರುವರ್ಷ ಕಪ್ಪು ಶಿಲೀಂಧ್ರ ಬಂದಾಗ ಆಸ್ಪತ್ರೆಯೊಳಗಿದ್ದ ವಿಭಾಗಗಳ ಪಿ.ಜಿ.ಗಳು ಇ.ಎನ್.ಟಿ. ಮತ್ತು ಕಣ್ಣಿನ ವೈದ್ಯರ ಜೊತೆ ನಿಂತು ಕೊಳೆತ ಮೇಲ್ದವಡೆ ತೆಗೆಯುತ್ತಿದ್ದರು. ಇಬ್ಬರಿಗೂ ಸಿಕ್ಕಿದ್ದು ಎಂ.ಡಿ.ಎಸ್. ಎಂಬ ಒಂದೇ ಪದವಿ.

ಪರೀಕ್ಷೆ ಇದನ್ನು ಹಿಡಿಯಬೇಕಲ್ಲವೇ ಎಂದು ಓದುಗರು ಕೇಳಬಹುದು. ಮೊದಲ ವರ್ಷದ ಕೊನೆಗೆ ಮೂಲ ವಿಜ್ಞಾನಗಳ ಪರೀಕ್ಷೆ, ಮೂರನೆಯ ವರ್ಷ ಮುಗಿದಾಗ ಥಿಯರಿ, ಪ್ರಾಕ್ಟಿಕಲ್, ವೈವಾ. ಪ್ರಾಕ್ಟಿಕಲ್‌ನಲ್ಲಿ ಅಭ್ಯರ್ಥಿ ಪರೀಕ್ಷಕರೆದುರು ಮಾಡಿ ತೋರಿಸುವುದು ಸ್ಥಳೀಯ ಅರಿವಳಿಕೆಯಲ್ಲಿ ಒಂದು ಸಣ್ಣ ಆಪರೇಷನ್, ಸಾಮಾನ್ಯವಾಗಿ ಅದೇ ಬುದ್ಧಿಹಲ್ಲು. ದೊಡ್ಡ ಕೇಸುಗಳನ್ನು ಬಾಯಲ್ಲಿ ಹೇಳಿದರೆ ಆಯಿತು. ಪರೀಕ್ಷೆಯ ದಿನ ರೋಗಿಯ ದವಡೆ ಬಿಚ್ಚಿಸಿ ನೋಡಿ ಎಂದು ಯಾರೂ ಒತ್ತಾಯಿಸಲಾರರು, ರೋಗಿಯ ದೃಷ್ಟಿಯಿಂದ ಅದು ಸರಿಯೂ ಅಲ್ಲ. ಹಾಗಾಗಿ ಕೈಗೆಲಸಕ್ಕೆ ಉಳಿಯುವ ಸಾಕ್ಷಿ, ಮಾಡಿದ ಕೇಸುಗಳನ್ನು ಬರೆದಿಡುವ ಲಾಗ್‌ಬುಕ್ ಒಂದೇ. ಲಾಗ್‌ಬುಕ್ ಬರೆಯುವವರು ವಿದ್ಯಾರ್ಥಿ, ಸಹಿ ಹಾಕುವವರು ಅವರದೇ ಗೈಡ್. ಪರೀಕ್ಷೆ ಹತ್ತಿರ ಬಂದಾಗ 'ನೋಡಿದೆ' ಎಂಬುದು 'ಅಸಿಸ್ಟ್ ಮಾಡಿದೆ' ಎಂದಾಗಿ, 'ಅಸಿಸ್ಟ್ ಮಾಡಿದೆ' ಎಂಬುದು 'ಮಾಡಿದೆ' ಎಂದಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಕಾಲೇಜು ಎಂಬುದು ಇಲ್ಲಿ ಮುಖ್ಯವಲ್ಲ.

ಸುಳ್ಳು ಹೇಳದ ಪುಸ್ತಕ ಇನ್ನೊಂದಿದೆ, ಅದು ಥಿಯೇಟರಿನ ರಿಜಿಸ್ಟರ್. ಜನರಲ್ ಅನಸ್ತೇಸಿಯಾ (ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ) ಕೊಟ್ಟ ಪ್ರತಿ ಕೇಸಿಗೂ ಅದರಲ್ಲಿ ರೋಗಿಯ ನಂಬರು, ತಾರೀಖು, ಸರ್ಜನ್ ಹೆಸರು, ಅರಿವಳಿಕೆ ವೈದ್ಯರ ಹೆಸರು ಇರುತ್ತವೆ. ಅರಿವಳಿಕೆ ವೈದ್ಯರಿಗೆ ನಮ್ಮ ವಿಭಾಗದ ಅಂಕಿ ಉಬ್ಬಿಸಿ ಆಗಬೇಕಾದ್ದೇನೂ ಇಲ್ಲ. ನಾನು ಕೇಳುವುದು ಇಷ್ಟೇ: ಪ್ರತಿ ಕಾಲೇಜಿನ ಓರಲ್ ಸರ್ಜರಿ ವಿಭಾಗ ಕಳೆದ ವರ್ಷ ಜನರಲ್ ಅನಸ್ತೇಸಿಯಾದಲ್ಲಿ ಮಾಡಿದ ಆಪರೇಷನ್‌ಗಳ ಸಂಖ್ಯೆಯನ್ನು ಆ ರಿಜಿಸ್ಟರಿನಿಂದ ತೆಗೆದು, ಮುರಿತ, ಸೀಳುತುಟಿ, ಕೀಲು, ಗೆಡ್ಡೆ ಎಂದು ವಿಂಗಡಿಸಿ, ಅಲ್ಲಿರುವ ಪಿ.ಜಿ.ಗಳ ಸಂಖ್ಯೆಯ ಪಕ್ಕದಲ್ಲಿಟ್ಟು ಪ್ರಕಟಿಸಲಿ. ರೋಗಿಯ ಹೆಸರು ಬೇಡ, ವೈದ್ಯರ ಹೆಸರೂ ಬೇಡ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಂದ ಇದನ್ನು ಕೇಳಬಹುದು. ಆದರೆ ನಮ್ಮ ದೊಡ್ಡ ದಂತ ಕಾಲೇಜುಗಳಲ್ಲಿ ಹಲವು, ತಾವೇ ಪದವಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯಗಳ ಅಡಿ ಇವೆ, ಅವು ಇದರ ಕೈಗೆ ಸಿಗುವುದಿಲ್ಲ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ತಂದ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಕಾಲೇಜುಗಳನ್ನು ಅಳೆದು ರೇಟಿಂಗ್ ಕೊಡಲೆಂದೇ ಒಂದು ಮಂಡಳಿಯಿದೆ. ಈ ಕೆಲಸ ಅದರದು. ಕುರ್ಚಿ ಎಷ್ಟು, ಲೈಬ್ರರಿಯಲ್ಲಿ ಪುಸ್ತಕ ಎಷ್ಟು ಎಂದು ಎಣಿಸುತ್ತ ಕೂತದ್ದು ಸಾಕು.

'ಬೇಕಾದವರು ಆಮೇಲೆ ಫೆಲೋಶಿಪ್ (ಎಂ.ಡಿ.ಎಸ್. ನಂತರದ ಹೆಚ್ಚುವರಿ ತರಬೇತಿ) ಮಾಡಿಕೊಳ್ಳಲಿ' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕ್ಯಾನ್ಸರಿಗೆ, ಸೀಳುತುಟಿಗೆ ಫೆಲೋಶಿಪ್ ಬೇಕು, ಒಪ್ಪಿದೆ. ಕೊಳೆತ ದವಡೆ ಹಲ್ಲಿನಿಂದ ಕೀವು ನಾಲಿಗೆಯ ಬುಡಕ್ಕಿಳಿದು, ಗದ್ದದಡಿ ಕಲ್ಲಿನಂತೆ ಬಿಗಿದು, ಕೂತಲ್ಲೇ ಏದುಸಿರು ಬಿಡುತ್ತ ಬರುವ ಮಧುಮೇಹಿ ರೋಗಿ ನಮ್ಮ ಫೆಲೋಶಿಪ್ ಮುಗಿಯುವವರೆಗೆ ಕಾಯುವುದಿಲ್ಲ. ಬ್ರಿಟನ್ನಿನಲ್ಲಿ ಈ ವಿಭಾಗಕ್ಕೆ ವೈದ್ಯ ಪದವಿ, ದಂತವೈದ್ಯ ಪದವಿ ಎರಡೂ ಬೇಕು. ಅಮೆರಿಕದಲ್ಲಿ ತರಬೇತಿಯೇ ನಾಲ್ಕು ವರ್ಷ, ಎಂ.ಡಿ. ಸೇರಿದರೆ ಆರು. ನಮಗೆ ಸಿಕ್ಕಿರುವುದು ಮೂರು ವರ್ಷ, ಅದನ್ನೇ ಪೂರ್ತಿ ಬಳಸೋಣ. ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗಾಗಲೇ ಇದೆ. ಅಂಥದ್ದೇ ಏರ್ಪಾಡು ಓರಲ್ ಸರ್ಜರಿಯವರಿಗೂ ಆದರೆ ಕ್ಯಾಶುಯಲ್ಟಿ ಇಲ್ಲದ ಕಾಲೇಜಿನ ಮಕ್ಕಳಿಗೆ ಅಷ್ಟಾದರೂ ರಾತ್ರಿ ಡ್ಯೂಟಿ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗಳಿಗೂ ಕೈ ಸಿಗುತ್ತದೆ.

ಇದೆಲ್ಲ ಆಗುವವರೆಗೆ ಸೀಟು ಹುಡುಕುತ್ತಿರುವವರಿಗೆ ಒಂದು ಮಾತು. ಕಾಲೇಜಿಗೆ ಹೋದಾಗ ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಫಿ ಕುಡಿದು ಹಿಂತಿರುಗಬೇಡಿ. ಮೂರನೆಯ ವರ್ಷದ ಪಿ.ಜಿ.ಯನ್ನು ಕ್ಯಾಂಟೀನಿಗೆ ಕರೆದು ಕೇಳಿ: ಕೊನೆಯ ಬಾರಿ ನಿಮ್ಮ ಕೈಯಾರೆ ಪ್ಲೇಟ್ ಹಾಕಿದ್ದು ಯಾವಾಗ, ಭಾನುವಾರ ರಾತ್ರಿ ಕರೆ ಬಂದರೆ ಹೋಗುವವರು ಯಾರು, ಪ್ಲೇಟಿನ ದುಡ್ಡು ಯಾರು ಕೊಡುತ್ತಾರೆ? ತಡವರಿಸಿದರೆ ಪಟ್ಟಿಯ ಮುಂದಿನ ಕಾಲೇಜು ನೋಡಿ. ಮಂಡಳಿಯವರಿಗೆ ನನ್ನ ವಿನಂತಿ: ಥಿಯೇಟರಿನ ಅಂಕಿ ಕೌನ್ಸೆಲಿಂಗ್ ಮುಗಿದ ಮೇಲಲ್ಲ, ಆಪ್ಷನ್ ಎಂಟ್ರಿ (ಕಾಲೇಜುಗಳ ಆಯ್ಕೆ ತುಂಬುವುದು) ಶುರುವಾಗುವ ಮೊದಲೇ ವೆಬ್‌ಸೈಟಿನಲ್ಲಿ ಸಿಗುವಂತಾಗಲಿ.

– ಓರಲ್ ಸರ್ಜನ್ ಒಬ್ಬರು, ಹಾಸನ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)