ಪ್ರೀತಿ ಇದೆ ಎಂದೆಯಲ್ಲ, ಇನ್ನು ಕಲಿಯಲು ಹೊರಡು

ಪ್ರಿಯ ಗೆಳೆಯ,

ರೆಸಾರ್ಟಿನ ಕೆಲಸ ಬಿಟ್ಟು ಅಂಗವಿಕಲ ಮಕ್ಕಳೊಂದಿಗೆ ಕೆಲಸ ಮಾಡಬೇಕೆಂದಿದ್ದೇನೆ, ಯಾವ ಕೋರ್ಸಿಗೆ ಸೇರಲಿ ಎಂದು ಕೇಳಿದ್ದೀಯ. ಓದಿ ತುಂಬ ಸಂತೋಷವಾಯಿತು. ಇದೇ ಪ್ರಶ್ನೆ ಕೇಳುವವರು ಕೊಡಗಿನಲ್ಲಿ ಇನ್ನೂ ಇದ್ದಾರೆ. ಅವರಿಗೂ ನೆರವಾಗಲಿ ಎಂದು ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಮಕ್ಕಳೆಂದರೆ ಪ್ರೀತಿ, ಅದೊಂದಿದ್ದರೆ ಸಾಲದೇ ಎಂದೂ ಬರೆದಿದ್ದೀಯ. ಸಾಲದು. ಏಕೆಂದು ಹೇಳುತ್ತೇನೆ.

ಸಿದ್ದಾಪುರದ ಕಡೆ ತೋಟದ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಬಾರದ ಸ್ಥಿತಿ, ಇರುವ ಪುಟ್ಟ ಹುಡುಗಿಯಿದ್ದಾಳೆ. ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಿ ಬೆಳಕು ಹರಿಯುವಷ್ಟರಲ್ಲಿ ಗಂಜಿ ಕುಡಿಸಿ ತೋಟಕ್ಕೆ ಓಡಬೇಕು. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಗಂಜಿ ಹುಯ್ಯುವುದು ನಮ್ಮ ಮನೆಗಳ ಹಳೆಯ ರೂಢಿ. ಆ ತಾಯಿಯ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೆ ನುಂಗಲು ಕಷ್ಟಪಡುವ ಮಗುವಿನ ತಲೆ ಹಿಂದಕ್ಕೆ ಬಾಗಿದಾಗ ಗಂಜಿ ಶ್ವಾಸನಾಳಕ್ಕೆ ಜಾರುವ ಅಪಾಯ ಹೆಚ್ಚು. ಆಮೇಲೆ ಕೆಮ್ಮು, ಜ್ವರ, ನ್ಯುಮೋನಿಯಾ. ತರಬೇತಿ ಪಡೆದವರು ಮಗುವಿನ ಬೆನ್ನಿಗೆ ಆಸರೆ ಕೊಟ್ಟು ನೇರವಾಗಿ ಕೂರಿಸುತ್ತಾರೆ. ತಾವು ಅದರ ಕಣ್ಣಿನ ಮಟ್ಟಕ್ಕೆ ಎದುರು ಕುಳಿತು, ಗದ್ದ ತುಸು ಕೆಳಗಿರುವಂತೆ ನೋಡಿಕೊಂಡು, ಚಮಚವನ್ನು ಮುಂದಿನಿಂದ ತರುತ್ತಾರೆ. ಒಂದು ತುತ್ತು ನುಂಗಿದ್ದು ಖಚಿತವಾದ ಮೇಲೆಯೇ ಇನ್ನೊಂದು. ಗಂಟಲಲ್ಲಿ ನೀರು ನಿಂತಂತೆ ಧ್ವನಿ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಈಗ ಆ ತಾಯಿಯೂ ಹಾಗೆಯೇ ಉಣಿಸುತ್ತಾಳೆ. ಊಟಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಬೇಕು, ಅದಕ್ಕಾಗಿ ಅವಳು ಇನ್ನೂ ಬೇಗ ಏಳುತ್ತಾಳೆ. ಇಂಥ ತಾಯಂದಿರ ಪಕ್ಕದಲ್ಲಿ ಕೂರುವವನಿಗೆ ವಿದ್ಯೆ ಇರಲೇಬೇಕು.

ಈಗ ಕೋರ್ಸಿನ ವಿಷಯ. ನೀನು ಕಾಮರ್ಸ್‌ನಲ್ಲಿ ಪಿಯುಸಿ ಮಾಡಿದವನು. ವಿಶೇಷ ಶಿಕ್ಷಣದ ಡಿ.ಇಡಿ. ಎರಡು ವರ್ಷದ್ದು, ಅದಕ್ಕೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ನಡೆಯುತ್ತದೆ, ಶೇ 50 ಅಂಕ ಬೇಕು. ಬೌದ್ಧಿಕ ಅಂಗವೈಕಲ್ಯ, ಶ್ರವಣದೋಷ, ದೃಷ್ಟಿದೋಷ ಎಂದು ವಿಭಾಗಗಳಿವೆ. ಪದವಿ ಮುಗಿಸಿದರೆ ವಿಶೇಷ ಬಿ.ಇಡಿ. ಕೂಡ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರದ್ದು, ಆದರೆ ಅಲ್ಲಿನ ವಾಕ್-ಶ್ರವಣ ಕೋರ್ಸುಗಳಿಗೆ ವಿಜ್ಞಾನ ಓದಿರಬೇಕು. ಎರಡು ವರ್ಷ ಮನೆಯಿಂದ ದೂರ ಇರಲಾಗದಿದ್ದರೆ ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿಯ (ಸಿಬಿಐಡಿ) ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಭಾರತೀಯ ಪುನರ್ವಸತಿ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದೊಂದಿಗೆ ಸೇರಿ ರೂಪಿಸಿದ ಈ ಕೋರ್ಸ್ 2021ರಲ್ಲಿ ಆರಂಭವಾಯಿತು. ಮುಗಿಸಿದವರನ್ನು ದಿವ್ಯಾಂಗ ಮಿತ್ರ ಎನ್ನುತ್ತಾರೆ. ಮನೆಮನೆಗೆ ಹೋಗಿ ಮಾಡುವ ಕೆಲಸಕ್ಕೆ ಇದು ಒಳ್ಳೆಯ ಅಡಿಪಾಯ, ಆದರೆ ಇದರಿಂದ ಶಿಕ್ಷಕನಾಗಲು ಬರುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡ. ಫೀಸು ಕಟ್ಟುವ ಮೊದಲು ಆ ಸಂಸ್ಥೆಗೆ, ಆ ಕೋರ್ಸಿಗೆ, ನೀನು ಸೇರುವ ವರ್ಷಕ್ಕೆ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ವೆಬ್‌ಸೈಟಿನಲ್ಲಿ ನೋಡಿಕೋ. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಒಂದು ವರ್ಷ ಓದಿ, ಹಣ ಸುರಿದು ತಂದ ಕಾಗದ ಯಾವ ಕೆಲಸಕ್ಕೂ ಬರಲಿಲ್ಲ. ಅವಳ ಅಪ್ಪ ಸಾಲ ಮಾಡಿದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ಮಾನ್ಯ ಕೋರ್ಸ್ ಮುಗಿಸಿ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ಸೇರಿಸಿಕೊಂಡವರೇ ಈ ವೃತ್ತಿ ಮಾಡಬೇಕು. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ಅದಕ್ಕೆ ಮುಂದೆಯೂ ತರಬೇತಿಗಳಿಗೆ ಹೋಗುತ್ತಿರಬೇಕು.

ಕೆಲಸ ಸಿಗುತ್ತದೆಯೇ ಎಂದು ನಿನ್ನ ಅಮ್ಮ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ. ಇಷ್ಟು ಬಗೆಯ ಮಕ್ಕಳಿಗೆ ಕಲಿಸುವವರು ಬೇಕೇ ಬೇಕು. ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಿ ಅಧಿಸೂಚನೆ ಹೊರಡಿಸುವಂತೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಸುಂಟಿಕೊಪ್ಪದ ಸ್ವಸ್ಥದಂಥ ವಿಶೇಷ ಶಾಲೆಗಳೂ ನಮ್ಮಲ್ಲಿವೆ. ಸಂಬಳ ಮಾತ್ರ ರೆಸಾರ್ಟಿನಷ್ಟು ಬೇಗ ಏರುವುದಿಲ್ಲ, ಅದನ್ನು ಮನೆಯಲ್ಲಿ ಮುಂಚೆಯೇ ಹೇಳಿಬಿಡು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಸ್ವತಃ ಅಂಗವಿಕಲರಾಗಿದ್ದು ಗೌರವಧನದ ಮೇಲೆ ದುಡಿಯುವವರು. ನಿಮ್ಮ ಪಂಚಾಯಿತಿಯವರನ್ನು ಮೊದಲು ಹೋಗಿ ಕಾಣು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಆಗಿಲ್ಲ ಎಂಬುದು ಅವರಿಗೆ ಬಾಯಿಪಾಠ.

ಕೋರ್ಸಿನಲ್ಲಿ ಹೇಳಿಕೊಡದ ಕೊಡಗಿನ ಪಾಠಗಳೂ ಕೆಲವಿವೆ. ಇಲ್ಲಿನ ಬುಡಕಟ್ಟಿನವರಾದ ಎರವರ ಭಾಷೆಯ ಮನೆಯಲ್ಲಿ ಬೆಳೆದ ಮಗುವಿಗೆ ಕನ್ನಡದಲ್ಲಿ ಪರೀಕ್ಷೆ ಮಾಡಿ, ಮಾತು ಹಿಂದಿದೆ ಎಂದು ಬರೆದುಬಿಟ್ಟರೆ ಅದು ಅನ್ಯಾಯ. ಮನೆಯವರನ್ನು ಕೂರಿಸಿಕೊಂಡು, ಅವರ ಮಾತಿನಲ್ಲೇ ಕೇಳಿಸಬೇಕು. ಮಳೆಗಾಲದಲ್ಲಿ ಶ್ರವಣ ಸಾಧನಕ್ಕೆ ತೇವ ಹಿಡಿದು ಕೆಡುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕು. ಇಳಿಜಾರಿನ ಅಂಗಳದಲ್ಲಿ ಗಾಲಿಕುರ್ಚಿಯ ಬ್ರೇಕ್ ಹಾಕದೆ ಯಾರನ್ನೂ ಎತ್ತಬೇಡ. ಎತ್ತುವ ಮೊದಲು, ಎತ್ತಲೇ ಎಂದು ಅವರನ್ನೇ ಕೇಳು. ಮಾತು ಬಾರದವರನ್ನೂ ಕೇಳು, ಕಣ್ಣಿನಲ್ಲೋ ಬೆರಳಿನಲ್ಲೋ ಉತ್ತರ ಬರುವವರೆಗೆ ಕಾದು ನಿಲ್ಲು.

ಮುಂದಿನ ವಾರ ಮಗುವೊಂದರ ಶ್ರವಣ ಪರೀಕ್ಷೆಗೆಂದು ಮೈಸೂರಿಗೆ ಹೊರಟಿದ್ದೇನೆ. ರಜೆ ಸಿಕ್ಕರೆ ನೀನೂ ಬಾ, ಕುಶಾಲನಗರದಲ್ಲಿ ಬಸ್ ಹತ್ತು. ಪಿಯುಸಿ ಅಂಕಪಟ್ಟಿಯ ಒಂದು ಪ್ರತಿ ಜೊತೆಗಿರಲಿ, ಡಿ.ಇಡಿ. ಇರುವ ಕಾಲೇಜುಗಳ ವಿಷಯವನ್ನು ಅಲ್ಲೇ ಬಲ್ಲವರ ಹತ್ತಿರ ಕೇಳೋಣ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ