ಆ ಖೋಲಿಯ ಕೀಲಿ ತೆಗೆಸಿರಿ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಒಂದು ಹಳ್ಳಿಯವಳು, ನಿಮ್ಮ ಕ್ಷೇತ್ರದ ಮತದಾರಳು. 2022ರಲ್ಲಿ ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಪತ್ರಿಕೋದ್ಯಮ ಓದಲೆಂದೇ ಸೇರಿದೆ. ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ಕಾಲೇಜಿನ ಮಾಧ್ಯಮ ಪ್ರಯೋಗಾಲಯವನ್ನು ನೀವು ಉದ್ಘಾಟಿಸಿದ ದಿನ ಕತ್ತರಿ ಇಟ್ಟ ತಟ್ಟೆ ಹಿಡಿದು ನಿಮ್ಮ ಪಕ್ಕದಲ್ಲಿ ನಿಂತಿದ್ದವಳು ನಾನು. ರಿಬ್ಬನ್ ಕತ್ತರಿಸಿ, "ಇನ್ನ ನಮ್ಮ ಹುಡುಗ್ಯಾರು ಟಿವಿಯಾಗ ಬರ್ತಾರ ನೋಡ್ರಿ" ಅಂದಿರಿ. ಆ ಮಾತನ್ನು ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದ್ದೆ.

ಅವತ್ತು ಹಾಕಿದ ಕೀಲಿಯನ್ನು ನಾನು ಓದು ಮುಗಿಸುವ ತನಕ ಯಾರೂ ತೆಗೆಯಲಿಲ್ಲ.

ಕೇಳಿದಾಗಲೆಲ್ಲ ಒಂದು ಕಾರಣ. ಸ್ಟಾಕ್ ರಿಜಿಸ್ಟರ್ ಯಾರ ಹೆಸರಿನಲ್ಲಿತ್ತೋ ಅವರಿಗೆ ವರ್ಗಾವಣೆ ಆಯಿತು, ಹೊಸಬರು ಚಾರ್ಜ್ ತಗೊಂಡಿಲ್ಲ. ಅತಿಥಿ ಉಪನ್ಯಾಸಕರ ಕೈಗೆ ಕೊಡಲು ಬರುವುದಿಲ್ಲ. ಕ್ಯಾಮೆರಾ ಕಳೆದರೆ ಯಾರು ಹೊಣೆ? ನಮಗಿದ್ದವರೇ ಅತಿಥಿ ಉಪನ್ಯಾಸಕರು. ಅವರೂ ಸೆಮಿಸ್ಟರ್ ಅರ್ಧ ಆದ ಮೇಲೆ ಬರುತ್ತಿದ್ದರು. 2023ರ ನವೆಂಬರಿನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ಸೇವೆ ಕಾಯಂ ಮಾಡಿರೆಂದು ತರಗತಿ ಬಿಟ್ಟು ಧರಣಿ ಕೂತಾಗ ನಮಗೆ ಪಾಠವೇ ಇರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ನಮ್ಮ ಸರ್ ತಮ್ಮ ಸ್ವಂತ ಮೊಬೈಲಿನಲ್ಲಿ ಶಾಟ್ ತೆಗೆಯುವುದು ತೋರಿಸುತ್ತಿದ್ದರು, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದ್ದನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ತರುವುದನ್ನೂ ತಮ್ಮದೇ ಲ್ಯಾಪ್‌ಟಾಪಿನಲ್ಲಿ ಕಲಿಸಿದರು. ನಾನು ಕಲಿತದ್ದು ಅಷ್ಟೇ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನದ್ದು ನೀವು ಕೇಳಲೇಬೇಕು. ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಕೀಲಿಕೈ ಸಿಗಲಿಲ್ಲ. ಅಟೆಂಡರ್ ಅಣ್ಣ ಆಫೀಸಿನ ಕಪಾಟು, ಟೇಬಲ್ಲಿನ ಖಾನೆ ಎಲ್ಲ ಹುಡುಕಿ ಬೆವತುಹೋದರು. ನಾವು ಕಿಟಕಿಗೆ ಹಣೆ ಹಚ್ಚಿ ಒಳಗೆ ನೋಡಿದೆವು. ಟೇಬಲ್ ಮೇಲೆ ಕ್ಯಾಮೆರಾ ಬ್ಯಾಗು, ಪಕ್ಕದಲ್ಲಿ ಪ್ಲಾಸ್ಟಿಕ್ ಸಹ ಬಿಚ್ಚದ ಟ್ರೈಪಾಡ್, ಮೂಲೆಯಲ್ಲಿ ನೀವು ಕತ್ತರಿಸಿದ ಕೆಂಪು ರಿಬ್ಬನ್ನಿನ ತುಂಡು, ಎಲ್ಲದರ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಕಡೆಗೆ ನಮಗೆ ಬಿಳಿ ಹಾಳೆ ಕೊಟ್ಟು ಕ್ಯಾಮೆರಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂದರು. ಸ್ಕೇಲ್ ಇಟ್ಟು ಗೆರೆ ಎಳೆದು ಲೆನ್ಸ್, ಶಟರ್, ವ್ಯೂ ಫೈಂಡರ್ ಅಂತ ಬರೆದೆ. 50ಕ್ಕೆ 46 ಅಂಕ ಬಂತು.

ಆ 46 ಅಂಕ ಹಿಡಿದುಕೊಂಡು ಸುದ್ದಿ ಮಾಡುವ ಕೆಲಸ ಕೇಳಲು ಬೆಂಗಳೂರಿಗೆ ಹೋದೆ. ಅಪ್ಪ ತೊಗರಿ ಮಾರುವ ಅಂಗಡಿಯಲ್ಲಿ ಕೈಗಡ ತಂದು ಕೊಟ್ಟಿದ್ದ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ರಾತ್ರಿಯಿಡೀ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತಿದ್ದೆ. ಅಲ್ಲಿ ಬರೆಯುವ ಪರೀಕ್ಷೆಯಲ್ಲಿ ಪಾಸಾದೆ. ಆಮೇಲೆ ಕೈಗೆ ಕ್ಯಾಮೆರಾ ಕೊಟ್ಟು, ಹೊರಗೆ ಹೋಗಿ ಎರಡು ನಿಮಿಷದ ಸುದ್ದಿ ಮಾಡಿಕೊಂಡು ಬಾ ಅಂದರು. ಆನ್ ಮಾಡಿದೆ, ಪರದೆ ಕಪ್ಪಗಿತ್ತು. ಲೆನ್ಸಿನ ಮುಚ್ಚಳ ತೆಗೆಯಬೇಕೆಂದು ಹೊಳೆಯಲಿಕ್ಕೇ ಹೊತ್ತು ಹಿಡಿಯಿತು. ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಎಂದರೇನೆಂದು ಒಂದು ಪುಟ ಬರೆದೇನು, ಯಾವ ಗುಂಡಿ ಎಂದು ಗೊತ್ತಿಲ್ಲ. "ಮೂರು ವರ್ಷ ಏನಮ್ಮ ಓದಿದೆ?" ಅಂದರು. ಅವರು ಬೈದದ್ದಲ್ಲ, ನಿಜವಾಗಿಯೂ ಕೇಳಿದರು. ನನಗೆ ಹೇಳಲು ಬಾಯಿ ಬರಲಿಲ್ಲ. ನನ್ನ ಪರವಾಗಿ ಉತ್ತರ ಕೊಡಬೇಕಾದವರು ನೀವು.

ಕಾಲೇಜು ಅಭಿವೃದ್ಧಿ ಸಮಿತಿಗೆ ಅಧ್ಯಕ್ಷರು ನೀವೇ. ಯಾವ ಕೀಲಿ ಯಾರ ಹತ್ತಿರ ಇರಬೇಕು, ರಿಜಿಸ್ಟರ್ ಹೇಗೆ ಹಸ್ತಾಂತರ ಆಗಬೇಕು ಎಂಬ ನಿಯಮವನ್ನು ನಿಮಗೆ ನಾನು ಹೇಳುವುದು ಬೇಡ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮು ಬಂದು ಇಷ್ಟು ವರ್ಷವಾಯಿತು. ಪ್ರತಿ 17 ಸೆಪ್ಟೆಂಬರಿನ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಧ್ವಜ ಹಾರಿಸಿ ಅದರ ಬಗ್ಗೆ ಮಾತಾಡುತ್ತೀರಿ. ಮೀಸಲಾತಿಯಿಂದ ಸೀಟು ಸಿಗುತ್ತದೆ, ಕೆಲಸದ ಬಾಗಿಲ ತನಕ ಹೋಗುತ್ತೇವೆ. ಒಳಗೆ ಹೋಗಿ ಮಾಡಬೇಕಾದ ಕೆಲಸ ಕಲಿಸುವುದು ಯಾವ ಕಲಮಿನಲ್ಲಿದೆ?

ನಮ್ಮ ಅಜ್ಜ ಒಂದು ಮಾತು ಹೇಳುತ್ತಿದ್ದ. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ನಡೆದಾಗ ದೇಶದ 2,400 ಹಳ್ಳಿಗಳಲ್ಲಿ ನಮ್ಮ ಜಿಲ್ಲೆಯವೂ ಇದ್ದವು. ಪಕ್ಕದ ಊರಿನ ಶಾಲೆಯಂಗಳದಲ್ಲಿ ಜಾಲರಿಯ ದೊಡ್ಡ ಛತ್ರಿ ನಿಲ್ಲಿಸಿದ್ದರಂತೆ. ಸಂಜೆ ಎತ್ತು ಕಟ್ಟಿ, ಕಂಬಳಿ ಹೊದ್ದು ನಡೆದುಹೋಗಿ ಒಕ್ಕಲುತನದ ಕಾರ್ಯಕ್ರಮ ನೋಡಿ ಬರುತ್ತಿದ್ದ. ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಆದದ್ದು 1977ರಲ್ಲಿ, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಆಕಾಶವಾಣಿಯಂತೂ ಇಲ್ಲಿ 1966ರಿಂದ ಇದೆ. ಅಂಥ ಜಿಲ್ಲೆಯ ಹುಡುಗಿ ನಾನು, ಕ್ಯಾಮೆರಾದ ಚಿತ್ರ ಬರೆದು ಪಾಸಾದವಳು.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನಮ್ಮ ಮನೆಯೊಳಗೆ ನೀರು ಬಂದಾಗ ಸುದ್ದಿ ಮಾಡಲು ಬಂದವರಿಗೆ ನಮ್ಮವ್ವನ ಮಾತು ತಿಳಿಯಲಿಲ್ಲ. ಅವಳು ತೊಯ್ದ ಜೋಳದ ಚೀಲ ತೋರಿಸಿ ಏನೋ ಹೇಳಿದಳು, ಟಿವಿಯಲ್ಲಿ ಬೇರೆಯೇ ಬಂತು. ನಾನು ಪತ್ರಿಕೋದ್ಯಮ ಓದಬೇಕೆಂದುಕೊಂಡದ್ದು ಅವತ್ತು.

ಈಗ ಪತ್ರ ಬರೆಯುವ ಕಾರಣ ನನ್ನ ತಂಗಿ. ಅವಳೂ ಅದೇ ಕಾಲೇಜು, ಅದೇ ವಿಷಯ. ನಾನು ಬೇಡವೆಂದರೂ ಕೇಳಲಿಲ್ಲ. ಹೋದ ವಾರ ಬಂದು, "ಅಕ್ಕಾ, ಆ ಖೋಲಿ ಇನ್ನೂ ಮುಚ್ಚೇ ಅದ, ನೀ ಹೇಳಿದ ರಿಬ್ಬನ್ ತುಂಡೂ ಅಲ್ಲೇ ಬಿದ್ದದ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರಿನ್ಸಿಪಾಲರಿಗೆ ಮೂರು ಅರ್ಜಿ, ನಿಮ್ಮ ಕಚೇರಿಗೆ ಎರಡು ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಇರುವ ಪ್ರತಿಗಳು ನನ್ನ ಬಳಿ ಇವೆ. "ಸಾಹೇಬ್ರ ಗಮನಕ್ಕ ತರ್ತೀವಿ" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ, ಸ್ವಾಮಿ.

ಹೊಸ ಕಟ್ಟಡ ಕೇಳುತ್ತಿಲ್ಲ. ಹೊಸ ಕ್ಯಾಮೆರಾ ಕೇಳುತ್ತಿಲ್ಲ. ಇದ್ದ ಖೋಲಿಯ ಕೀಲಿ ತೆಗೆಸಿರಿ. ರಿಜಿಸ್ಟರನ್ನು ಒಬ್ಬರ ಹೆಸರಿಗೆ ಮಾಡಿಸಿರಿ. ಪತ್ರಿಕೋದ್ಯಮಕ್ಕೆ ಒಬ್ಬ ಕಾಯಂ ಉಪನ್ಯಾಸಕರನ್ನು ತನ್ನಿರಿ. ಅದು ತಡವಾಗುವುದಾದರೆ ಮೊದಲು ಕೀಲಿಯನ್ನಾದರೂ ತೆಗೆಸಿರಿ. ನನ್ನ ತಂಗಿಯ ಪ್ರಾಯೋಗಿಕ ಪರೀಕ್ಷೆ ಇದೇ ಸೆಮಿಸ್ಟರಿನ ಕೊನೆಗಿದೆ. ಅದಕ್ಕೂ ಮೊದಲು ತೆಗೆಸಿರಿ.

ಇತಿ,
ಅವತ್ತು ತಟ್ಟೆ ಹಿಡಿದು ನಿಂತಿದ್ದ ವಿದ್ಯಾರ್ಥಿನಿ